ಸಾಹಿತ್ಯ ಯಾರದು?

ಆಲ್ಬಮ್ಮಿನಲ್ಲಿ ನಾನು ಹಾಡಿದ ಹತ್ತು ಪದಗಳಲ್ಲಿ ಒಂದನ್ನೂ ನಾನು ಕಟ್ಟಿಲ್ಲ. ಕಟ್ಟಿದವಳು ನನ್ನ ಅಕ್ಕ ಲಗಮವ್ವ. ಕೇಳಿದವರಿಗೆ ಅವಳ ಹೆಸರು ಹೇಳಬೇಕಿತ್ತು — ನಾನು ಹೇಳಲಿಲ್ಲ.

ನಮ್ಮದು ಗಡಿಯಾಚೆ, ಮಹಾರಾಷ್ಟ್ರದೊಳಗಿನ ಹಳ್ಳಿ ಮಾಡಗ್ಯಾಳ. ಅಕ್ಕ ಕುರಿ ಮೇಯಿಸುತ್ತ ಪದ ಕಟ್ಟುತ್ತಾಳೆ, ನಾನು ಡೊಳ್ಳಿನ ಮೇಳದಲ್ಲಿ ಹಾಡುತ್ತೇನೆ. ನಾನು ಓದಿದ್ದು ಮರಾಠಿ ಶಾಲೆ, ನಾಲ್ಕನೆಯ ಇಯತ್ತೆವರೆಗೆ. ಅಕ್ಕ ಶಾಲೆಯ ಮೆಟ್ಟಿಲೇರಿಲ್ಲ. ಅವಳ ಪದಗಳನ್ನು ಬರೆದುಕೊಳ್ಳಬೇಕೆಂದೇ ನಾನು ಆಮೇಲೆ ಕನ್ನಡ ಅಕ್ಷರ ಕಲಿತೆ.

ಮೊದಲ ಸಲ ವಿಜಯಪುರದ ಸ್ಟುಡಿಯೋಕ್ಕೆ ಹೋದಾಗ ಅಲ್ಲಿಯ ಮಾಲೀಕರು ಕೇಳಿದರು: "ಸಾಹಿತ್ಯ ಯಾರದರಿ?"

ಮರಾಠಿಯಲ್ಲಿ ಸಾಹಿತ್ಯವೆಂದರೆ ಸಾಮಾನು ಸರಂಜಾಮು ಕೂಡ. ಡೊಳ್ಳು, ತಾಳಗಳನ್ನು ಕೇಳುತ್ತಿದ್ದಾರೆಂದುಕೊಂಡೆ. "ಎಲ್ಲಾ ನಮ್ದ ರೀ. ಬಾಡಿಗಿದು ಒಂದೂ ಇಲ್ಲ."

"ಬಾಡಿಗಿ ಸಾಹಿತ್ಯ ತರೋ ಮಂದಿನೂ ಅದಾರ ಬಿಡ್ರಿ" ಎಂದು ನಕ್ಕು ಬರೆದುಕೊಂಡರು.

ಹಾಡು ಹೊರಬಂದಾಗ ನೋಡಿದೆ — ಗಾಯನ ನನ್ನದು, ಸಾಹಿತ್ಯವೂ ನನ್ನದು. ಆಗ ಅರ್ಥವಾಯಿತು. ಅಲ್ಲಿಯವರೆಗೆ ಅದು ತಿಳಿಯದೆ ಆದ ತಪ್ಪು. ಅಲ್ಲಿಂದ ಮುಂದೆ... ಜನ ನನ್ನನ್ನು ಕವಿಗಳು ಎನ್ನತೊಡಗಿದ್ದರು. ಹಾಗೆ ಕರೆಸಿಕೊಳ್ಳುವುದು ನನಗೆ ಹಿತವಾಗಿತ್ತು.

ಈ ವರ್ಷ ಆ ಮಾಲೀಕರು ನಮ್ಮ ಹತ್ತು ಹಿಟ್ ಪದಗಳನ್ನು ಸೇರಿಸಿ ಒಂದು ಆಲ್ಬಮ್ ಮಾಡಲು ಹೊರಟರು. ಸುದ್ದಿ ಹೇಳಿದಾಗ ಅಕ್ಕ ಒಂದೇ ಮಾತು ಕೇಳಿದಳು.

"ಅದರಾಗ ನನ್ನ ಹೆಸರ ಬರತೈತೇನೋ?"

"ಬರತೈತಿ ಬಿಡು."

ಎರಡು ದಿನ ಬಿಟ್ಟು ಮಾಲೀಕರ ಫೋನ್ ಬಂತು. "ಹೆಸರು ಒಮ್ಮಿ ತಾಳೆ ಹಾಕಿ ನೋಡೂಣ್ರಿ. ಸಾಹಿತ್ಯ ನಿಮ್ದ ಅಲ್ರಿ?" ಈ ಸಲ ಪ್ರಶ್ನೆ ನನಗೆ ಚೆನ್ನಾಗಿ ತಿಳಿದಿತ್ತು. ಅಕ್ಕ ಎದುರಿಗೇ ಕುಳಿತು ತಬ್ಬಲಿ ಮರಿಗೆ ಹಾಲು ಕುಡಿಸುತ್ತಿದ್ದಳು. ನಾನು ಎದ್ದು ಅಂಗಳಕ್ಕೆ ಹೋಗಿ — ಅವಳಿಗೆ ಕೇಳಿಸದಷ್ಟು ದೂರ — "ಹೌದ್ರಿ" ಎಂದೆ.

ನಿನ್ನೆ ಆಲ್ಬಮ್ ಬಂತು. ಅಕ್ಕನ ಮಗಳು ಸುಜಾತಾ ಮೊಬೈಲ್ ಹಿಡಿದು ಒಂದೊಂದೇ ಪದದ ಹೆಸರು ಓದಿದಳು. ಒಮ್ಮೆಲೇ ಓದು ನಿಲ್ಲಿಸಿದಳು.

"ಅವ್ವಾ, ಸಾಹಿತ್ಯ ಮಾಮಾಂದು ಅಂತ ಐತಿ."

"ಸಾಹಿತ್ಯ ಅಂದ್ರ?"

"ಪದ ಕಟ್ಟಿದವರು."

"ಹತ್ತಕ್ಕೂ?"

"ಹತ್ತಕ್ಕೂ."

"ಸ್ಟುಡಿಯೋದವರು ತಪ್ಪ ಬರದಿರಬೇಕು ತಗಿ. ನನ್ನ ತಮ್ಮ ಹಂಗ ಹೇಳಂವಲ್ಲ" ಎಂದಳು ಅಕ್ಕ.

ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಡೊಳ್ಳು ತಾಳದ ಕಥೆ ಹೇಳಿ ನಗಿಸಲೂಬಹುದಿತ್ತು — ಅದು ಸುಳ್ಳೂ ಅಲ್ಲ. ಆದರೆ ಆ ಮಾತಾದ ಮೇಲೆ ಅವಳ ಮುಖ ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ.

"ಅವರು ತಪ್ಪ ಬರದಿಲ್ಲಕ್ಕಾ," ಎಂದೆ, ಸುಜಾತಾಳಿಗೂ ಕೇಳುವಂತೆ. "ಕೇಳಿದ್ರು. ನಾನ ನಂದು ಅಂದೆ. ಗೊತ್ತಿದ್ದ ಅಂದೆ. ನಿನ್ನ ಹೆಸರ ನಾ ನುಂಗೀನಿ. ತಪ್ಪಾತಕ್ಕಾ."