ಮಿಷನ್ನಿಗೆ ಬೈದ ಭಾವ

ನನ್ನ ಭಾವ ಜೀವಮಾನದಲ್ಲಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆದರೆ ಅವರು ನನಗೆ ಬೈದಷ್ಟು ಈ ಭೂಮಿ ಮೇಲೆ ಇನ್ಯಾರೂ ಬೈದಿಲ್ಲ. ಅದು ಹೆಂಗೆ ಅಂತ ಕೇಳುತ್ತೀರಿ. ನಮ್ಮ ಕಡೆ ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ನಿಂತು ಮಾತಾಡುವ ಹಂಗಿರಲಿಲ್ಲ. ಆತನೂ ಅವಳ ಮುಖ ನೋಡಿ ಮಾತಾಡುವ ಹಂಗಿರಲಿಲ್ಲ. ಹೇಳಲೇಬೇಕಾದ್ದೇನಾದರೂ ಇದ್ದರೆ ನಡುವೆ ಇರುವ ಬಾಗಿಲಿಗೋ ಗೋಡೆಗೋ ಹೇಳಬೇಕು, ಕೇಳಬೇಕಾದವರು ಕೇಳಿಸಿಕೊಳ್ಳಬೇಕು. ಬೇರೆಯವರ ಮನೆಯಲ್ಲಿ ಈ ಪದ್ಧತಿ ಮರ್ಯಾದೆಗೆ ಇತ್ತು. ನಮ್ಮ ಮನೆಯಲ್ಲಿ ಜಗಳಕ್ಕೆ ಇತ್ತು.

ಕಂಬೈನಲ್ಲೂರಿಂದ ಪೆನ್ನಾಗರಂಗೆ ಮದುವೆಯಾಗಿ ಬಂದ ಹೊಸತು. ಮುದ್ದೆ, ಹುರುಳಿಸಾರು ಮಾಡಿ ಬಡಿಸಿ ಒಳಗೆ ಹೋಗಿ ನಿಂತಿದ್ದೆ. ಭಾವ ಒಂದು ತುತ್ತು ನುಂಗಿ ಬಾಗಿಲ ಕಡೆ ತಿರುಗಿದರು.

“ಬಾಗ್ಲೇ, ಕಂಬೈನಲ್ಲೂರಾಗೆ ಉಪ್ಪು ಸಿಕ್ಕಾಕಿಲ್ವಾ ಅಂತ ಕೇಳು.”

ನನಗೆ ಮೈಯೆಲ್ಲ ಉರಿದುಹೋಯಿತು. ನಾನೇನು ಬಾಯಿಲ್ಲದವಳಾ? ಪಕ್ಕದಲ್ಲಿದ್ದ ಒರಳಿಗೆ ಹೇಳಿದೆ: “ಒರಳೇ, ನಾಲಿಗೆ ಸತ್ತೋರ್ನ ಉಪ್ಪಿನ ಮೂಟೆ ಮ್ಯಾಲೆ ಕೂರಿಸಿದ್ರೂ ರುಚಿ ಅತ್ತಾಕಿಲ್ಲ ಅಂತ ಯೋಳು.”

ನನ್ನ ಗಂಡ ರಂಗಪ್ಪ ತಲೆ ತಗ್ಗಿಸಿಕೊಂಡು ಕಿವುಡನ ಹಂಗೆ ಉಣ್ಣುತ್ತಾ ಕೂತಿದ್ದ. ಭಾವನೂ ತಟ್ಟೆ ಖಾಲಿ ಮಾಡಿಯೇ ಎದ್ದರು. ಅವತ್ತಿಂದ ಆ ಬಾಗಿಲಿಗೂ ಆ ಒರಳಿಗೂ ಬಿಡುವೇ ಸಿಗಲಿಲ್ಲ.

ಭಾವನ ಹೆಸರು ಕೆಂಚಪ್ಪ. ಉದ್ದಕ್ಕೆ ಒಣಗಿದ ಆಳು, ಹೆಂಡತಿ ಸತ್ತಮೇಲೆ ಇನ್ನೊಂದು ಮದುವೆ ಆಗಲಿಲ್ಲ. ಬಿಸಿಲಲ್ಲೂ ಹೆಗಲ ಮೇಲೆ ಕರಿಕಂಬಳಿ. ಪಂಪ್‌ಸೆಟ್ ಮೋಟರು, ರೇಡಿಯೋ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದರು. ಮೋಟರು ತಂದವನ ಮುಂದೆ ಅದನ್ನು ಮೂಸಿ ನೋಡೋರು. ಆಮೇಲೆ, “ಸುಟ್ಟಿರೋದು ಮೋಟ್ರಲ್ಲ ಕಣ್ಲಾ, ನಿನ್ ಬುದ್ಧಿ. ಇಟ್ಟು ಓಗು,” ಅನ್ನೋರು. ಬೈಸಿಕೊಂಡೇ ಜನ ಬರುತ್ತಿದ್ದರು, ಸುತ್ತಮುತ್ತ ಇನ್ನೊಬ್ಬ ಇರಲಿಲ್ಲವಲ್ಲ, ಅದಕ್ಕೆ.

ಎಪ್ಪತ್ತರ ದಶಕದಲ್ಲಿ ಒಂದು ವರ್ಷ ನನ್ನ ಗಂಡ ತನ್ನ ಪಾಲಿನ ಕುರಿಗಳನ್ನೆಲ್ಲ ಮಾರಿ ಸೇಲಂನಿಂದ ಒಂದು ಆಟದ ಮಿಷನ್ನು ತಂದ. ವಸ್ತುಪ್ರದರ್ಶನದ ಕಂಪನಿಯೊಂದು ಬಾಗಿಲು ಹಾಕಿಕೊಳ್ಳುವಾಗ ಮಾರಿದ್ದು. ಬೀರುವಿನಷ್ಟು ದೊಡ್ಡ ಮರದ ಪೆಟ್ಟಿಗೆ, ಮೇಲೆ ಗಾಜು. ಒಳಗೆ ರಸ್ತೆ, ಕೆರೆ, ಮರಗಳ ಚಿತ್ರ ಬರೆದ ಬಟ್ಟೆ ಸುತ್ತುತ್ತಿರುತ್ತೆ, ಅದರ ಮೇಲೆ ಒಂದು ತಗಡಿನ ಕಾರು. ಮುಂದಿನ ಹಲಗೆಯಲ್ಲಿ ಸ್ಟೀರಿಂಗು. ಕಾಸು ಹಾಕಿ ತಿರುಗಿಸಬೇಕು. ಕಾರು ರಸ್ತೆ ಬಿಟ್ಟರೆ ದೀಪ ಆರುತ್ತೆ, ಕೊನೆತನಕ ಹೋದರೆ ಗಂಟೆ ಹೊಡೆಯುತ್ತೆ.

ಭಾವ ಹಟ್ಟಿಯಲ್ಲಿ ಉಳಿದಿದ್ದ ತಮ್ಮ ಪಾಲಿನ ಟಗರಿಗೆ ಹೇಳಿದರು: “ಟಗರೇ, ಕುರಿ ಮಾರಿ ತಗಡು ತಂದವ್ನೆ ಮುಟ್ಟಾಳ. ಇನ್ಮ್ಯಾಲೆ ತಗಡೇ ತಿನ್ನಲಿ, ಗಂಡ ಎಂಡ್ತಿ ಇಬ್ರೂ.” ಅಷ್ಟು ಹೇಳಿ ಕಂಬಳಿ ಕೊಡವಿಕೊಂಡು ಅಂಗಡಿಗೆ ಹೋಗಿ ಅಲ್ಲೇ ವಾಸ ಮಾಡಿದರು. ಅಣ್ಣತಮ್ಮಂದಿರಿಗೆ ಮಾತು ಮುರಿಯಿತು. ಪೀಡೆ ತೊಲಗಿತು ಅಂತ ನಾನು ಅವತ್ತು ಪಾಯಸ ಮಾಡಿದೆ.

ಟೆಂಟ್ ಸಿನಿಮಾದ ಯಜಮಾನರು ಟಿಕೆಟ್ ಕೊಡುವ ಕಡೆ ಒಂದು ಚಪ್ಪರದ ಜಾಗ ಕೊಟ್ಟರು. ಮಿಷನ್ನು ನಡೆಯಿತು, ಹೊಟ್ಟೆಗೂ ಆಯಿತು. ಆಮೇಲೆ ನನ್ನ ಗಂಡ ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡ. ಅದೇ ಸಮಯಕ್ಕೆ ಕುಡಿದು ಬಂದ ಯಾವನೋ ಒಬ್ಬ, ಕಾರು ಕೆರೆಗೆ ಬಿತ್ತು ಅನ್ನೋ ಸಿಟ್ಟಿಗೆ ಹಲಗೆಗೆ ಒದ್ದು, ಸ್ಟೀರಿಂಗ್ ಕಿತ್ತು ಮುರಿದು ನನ್ನ ಕೈಗೇ ಕೊಟ್ಟು ಹೋದ. ಹಲಗೆ ಎರಡು ಹೋಳು. ಅವನ ಕೈ ಸೇದಿಹೋಗ!

ಯಜಮಾನರು ಬಂದು ನೋಡಿದರು. “ವೆಳ್ಳಿಕ್ಕಿಳಮೈ ಪುದುಪ್ಪಡಂಮಾ,” ಅಂದರು ತಮಿಳಿನಲ್ಲಿ. ಶುಕ್ರವಾರ ಹೊಸ ಪಿಕ್ಚರು. ಅಷ್ಟರೊಳಗೆ ಮಿಷನ್ನು ನಡೆಯದಿದ್ದರೆ ಜಾಗ ಬಲೂನು ಹೊಡೆಯುವ ಆಟದವನಿಗೆ. ಜಾಗ ಹೋದರೆ ನಮಗೆ ಉಳಿದದ್ದು ಯೇರ್ಕಾಡಿನ ಕಾಫಿ ತೋಟದ ಕೂಲಿ, ಅದೂ ಕುಂಟುವ ಗಂಡನನ್ನು ಕಟ್ಟಿಕೊಂಡು. ಕುರಿ ಮೊದಲೇ ಹೋಗಿತ್ತು.

“ನಿಮ್ಮಣ್ಣನ್ನ ಕೇಳು,” ಅಂದೆ ಗಂಡನಿಗೆ.

“ಸತ್ರೂ ಕೇಳಲ್ಲ,” ಅಂದ.

ಆಯ್ತು ಬಿಡು ಅಂತ ನಾನೇ ಪಕ್ಕದ ಮನೆಯ ಗಾಡಿ ಕೇಳಿ, ಮಿಷನ್ನು ಹೇರಿಸಿ, ಎತ್ತು ಹೊಡೆದುಕೊಂಡು ಹೋದೆ. ನಮ್ಮಪ್ಪ ಗಾಡಿ ಬಾಡಿಗೆಗೆ ಹೊಡೆಯುತ್ತಿದ್ದವನು, ನನಗೆ ಅದೇನು ಹೊಸದಲ್ಲ. ಅಂಗಡಿ ಮುಂದೆ ನಿಲ್ಲಿಸಿ ಪೆಟ್ಟಿಗೆಯ ಆಚೆ ಬದಿಗೆ ಹೋಗಿ ನಿಂತುಕೊಂಡೆ.

“ಮಿಷನ್ನೇ, ಇಲ್ಲಿ ದೊಡ್ಡ ಮೆಕಾನಿಕ್ಕು ಅಂತ ಮೆರೆಯೋರು ಒಬ್ರವ್ರಂತೆ. ಕೈಲಾಯ್ತದಾ ಕೇಳು. ಇಲ್ದಿದ್ರೆ ಸೇಲಂಗೇ ಓಗಾನ.”

ಭಾವ ಈಚೆ ಬಂದು ಹಲಗೆ ಮೂಸಿದರು.

“ಮಿಷನ್ನೇ, ನಿನ್ ಇಳಿಸಿ ಓಗಾಕೆ ಯೋಳು. ಅವರಿಬ್ಬರ ಮುಖಕ್ಕಲ್ಲ, ನಿನ್ ತಗಡು ಮುಖ ನೋಡಿ ಮಾಡ್ತೀನಿ.”

ಶುಕ್ರವಾರ ಮಧ್ಯಾಹ್ನ ಭಾವ ಮಿಷನ್ನನ್ನು ಚಪ್ಪರಕ್ಕೇ ತಂದು ಇಳಿಸಿದ್ದರು. ಹೋಗಿ ನೋಡುತ್ತೇನೆ, ಅಯ್ಯೋ ನನ್ನ ಕರ್ಮವೇ! ಹಳೇ ಗಾಡಿಯ ಹಲಗೆ ಕುಯ್ದು ಮುಂದೆ ಬಡಿದಿದ್ದಾರೆ. ಸ್ಟೀರಿಂಗೇ ಇಲ್ಲ. ಹಲಗೆಯಲ್ಲಿ ಎರಡು ತೂತು, ಎರಡು ತೂತಿಂದ ಎರಡು ಹಗ್ಗ ಈಚೆಗೆ ನೇತಾಡುತ್ತಿವೆ, ಎತ್ತಿಗೆ ಕಟ್ಟೋ ಹಗ್ಗ!

“ಮಿಷನ್ನೇ, ನಿನ್ನ ಎತ್ತಿನ ಗಾಡಿ ಮಾಡವ್ರಲ್ಲೇ! ಊರೆಲ್ಲ ನಗಾಡ್ತದೆ.”

“ನಗಲಿ. ಮಿಷನ್ನೇ, ಈ ಊರಾಗೆ ಸ್ಟೀರಿಂಗು ಇಡ್ದಿರೋನು ಬಸ್ ಡ್ರೈವರ್ ಒಬ್ನೇ. ಮಿಕ್ಕೋರೆಲ್ಲ ಅಗ್ಗ ಇಡ್ಕಂಡೇ ಉಟ್ಟವ್ರೆ. ಸ್ಟೀರಿಂಗು ಇಡಿಯಾಕ್ ಬರ್ದೇ ಸಿಟ್ಟಾಗಿ ಒದ್ದವ್ರೆ, ತಿಳ್ಕಳ್ಳಾಕೆ ಯೋಳು.”

ನಾನು ಹಲ್ಲು ಕಚ್ಚಿಕೊಂಡು ಹಗ್ಗ ಹಿಡಿದೆ. ಕಾಸು ಹಾಕಿ ರಸ್ತೆ ಎಡಕ್ಕೆ ತಿರುಗಿದಾಗ ಎಡದ ಹಗ್ಗ ಎಳೆದೆ. ಕಾರು ನೆಟ್ಟಗೆ ಬಲಕ್ಕೆ ಹೋಗಿ ಕೆರೆಗೆ ಬಿತ್ತು. ಇನ್ನೊಮ್ಮೆ ಎಳೆದೆ, ಇನ್ನೊಮ್ಮೆ ಕೆರೆ. ಆಗ ಗೊತ್ತಾಯಿತು. ಇವರು ಪೆಟ್ಟಿಗೆಯ ಹಿಂದೆ ನಿಂತು ಹಗ್ಗ ಕಟ್ಟಿದ್ದಾರೆ, ಹಿಂದೆ ನಿಂತವರ ಎಡ ಮುಂದೆ ನಿಂತವರಿಗೆ ಬಲ! ನಗು ತಡೆಯಲಾಗಲಿಲ್ಲ. “ಮಿಷನ್ನೇ, ಮೋಟ್ರು ಮೂಸೋರಿಗೆ ಎಡ ಯಾವ್ದು ಬಲ ಯಾವ್ದು ಅಂತ್ಲೂ ತಿಳೀದಾ?” ಅಂದುಬಿಟ್ಟೆ.

ಭಾವನ ಮುಖ ಕಪ್ಪಾಯಿತು. ಸ್ಕ್ರೂಡ್ರೈವರು, ಇಕ್ಕಳ ಎಲ್ಲ ಚೀಲಕ್ಕೆ ತುಂಬಿ ಹೊರಟೇಬಿಟ್ಟರು. ಹೆಂಗಸಿನ ಕೈಲಿ ತಪ್ಪು ಹೇಳಿಸಿಕೊಂಡು ಅದೇ ಹೆಂಗಸಿನ ಮುಂದೆ ತಿದ್ದುವುದಕ್ಕಿಂತ ಪ್ರಾಣ ಬಿಡೋ ಜಾತಿ ಅದು, ಜಗಮೊಂಡ! ಸಂಜೆ ಪಿಕ್ಚರು. ಬಲೂನಿನವನು ಆಗಲೇ ಚಪ್ಪರದ ಪಕ್ಕ ಗಂಟುಮೂಟೆ ಇಳಿಸಿದ್ದ. ನನ್ನ ಕಣ್ಣ ಮುಂದೆ ಯೇರ್ಕಾಡಿನ ಬೆಟ್ಟ ಬಂತು.

ನಾನು ಮಿಷನ್ನಿಗೆ ಒಂದು ಏಟು ಬಿಟ್ಟೆ.

“ಮಿಷನ್ನೇ! ತಪ್ಪೆಲ್ಲ ನಿಂದೇ. ಮಾಡಿದೋರು ಸರಿಯಾಗೇ ಮಾಡವ್ರೆ. ನಿಂಗೇ ಎಡಬಲ ಗೊತ್ತಿಲ್ಲ, ಸೇಲಂನಾಗೆ ಬೆಳೆದ ದಂಡಪಿಂಡ!”

ಭಾವ ನಿಂತರು. ಹಿಂದಕ್ಕೆ ಬಂದರು.

“ಅಂಗ್ ಯೋಳು,” ಅಂದರು ಮಿಷನ್ನಿಗೆ. ತಾವೂ ಅದಕ್ಕೆ ಒಂದು ಏಟು ಬಿಟ್ಟರು. “ನಾನ್ ಆವಾಗ್ಲೇ ಅಂದ್ಕಂಡೆ, ನಿನ್ ಬುದ್ಧಿ ಸರಿ ಇಲ್ಲ ಅಂತ.” ಹಿಂದೆ ಹೋಗಿ ಹಗ್ಗ ಅದಲುಬದಲು ಮಾಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾನು ಮನಸ್ಸಲ್ಲೇ ಅಂದುಕೊಂಡೆ, ಬಾಯಿ ಬಿಡಲಿಲ್ಲ.

ಸಂಜೆ ಜನ ನಕ್ಕರು ನಿಜ. “ಮಾಟ್ಟು ವಂಡಿ, ಮಾಟ್ಟು ವಂಡಿ” ಅಂತ ಪಡ್ಡೆಗಳು ಕೂಗಿದವು, ಎತ್ತಿನ ಗಾಡಿ ಅಂತ. ಅಷ್ಟರಲ್ಲಿ ಸೌದೆ ಗಾಡಿಯ ಮುದುಕ ಒಬ್ಬ ಬಂದು ಹಗ್ಗ ಹಿಡಿದ, ನಾಲಿಗೆ ಲೊಚಗುಟ್ಟಿದ, ತಗಡಿನ ಕಾರಿಗೆ “ಏಯ್, ಹೋ ಹೋ” ಅಂದ. ಕಾರು ಕೊನೆತನಕ ಹೋಯಿತು. ಗಂಟೆ ಹೊಡೆಯಿತು. ಆಮೇಲೆ ನೋಡಬೇಕಿತ್ತು ನೂಕುನುಗ್ಗಲು! ಬಲೂನಿನವನು ಗಂಟು ಕಟ್ಟಿಕೊಂಡು ಎದ್ದ. ಭಾವ ದೂರದಲ್ಲಿ ಕಂಬಳಿ ಹೊದ್ದು ನಿಂತಿದ್ದರು. ನನ್ನ ಗಂಡ ಊರುಗೋಲು ಊರಿಕೊಂಡು ಆ ಕಡೆ ಎರಡು ಹೆಜ್ಜೆ ಇಟ್ಟಿದ್ದೇ ತಡ, ತಿರುಗಿ ಹೋಗಿಬಿಟ್ಟರು.

ಆಮೇಲೂ ಪ್ರತಿ ಶುಕ್ರವಾರ ಹಗ್ಗ ನೋಡಲು ಬರೋರು. ನಾನು ಮಿಷನ್ ಮೇಲೆ ಬುತ್ತಿ ಇಟ್ಟು ಆಚೆ ಸರಿಯುತ್ತಿದ್ದೆ. ಉಂಡು, ಕೈ ತೊಳೆದು, “ಮಿಷನ್ನೇ, ಉಪ್ಪಿಲ್ಲ ಅಂತ ಯೋಳು,” ಅಂದು ಹೋಗೋರು. ಒಂದು ವಾರ ಬೇಕಂತಲೇ ಹಿಡಿ ಉಪ್ಪು ಸುರಿದೆ. ಅದನ್ನೂ ಉಂಡು ಅದನ್ನೇ ಅಂದರು!

ಸಿನಿಮಾ ಟೆಂಟು ಎತ್ತಿದರು. ಬಟ್ಟೆ ಹರಿದು, ಮೋಟರು ಸವೆದು ಮಿಷನ್ನು ಗುಜರಿಗೆ ಹೋಯಿತು. ನಡುವೆ ಅದಿಲ್ಲದ ಮೇಲೆ ಭಾವನೂ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ನಾನು ಸೆರಗು ಎಳೆದುಕೊಂಡು ಬದಿಗೆ ಸರಿಯುತ್ತಿದ್ದೆ, ಅವರು ಆಕಾಶ ನೋಡಿಕೊಂಡು ಹೋಗುತ್ತಿದ್ದರು. ಒಂದು ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲಿಲ್ಲ ಅಂತ ಜನ ಬಂದು ಹೇಳಿದರು.

ಹೆಣದ ಮುಂದೆ ಮಾತ್ರ ನಮ್ಮಲ್ಲಿ ಆ ಕಟ್ಟಳೆ ಇಲ್ಲ. ಸತ್ತವರ ತಲೆದೆಸೆಯಲ್ಲಿ ಕೂತು ಹೆಂಗಸರು ನೇರವಾಗಿ ಕರೆದು, ಹಾಡಿಕೊಂಡು ಅಳಬೇಕು. “ಮೆತ್ತನೆ ಮಾತಿನೋನೇ, ಮಾಣಿಕ್ಯದಂತೋನೇ,” ಅಂತ ಬೀದಿಯವರೆಲ್ಲ ಅಳುತ್ತಿದ್ದರು. ಮೆತ್ತನೆ ಮಾತಂತೆ! ನನಗೆ ಮೈ ಉರಿಯಿತು. ಅವರನ್ನೆಲ್ಲ ತಳ್ಳಿಕೊಂಡು ಹೋಗಿ ಕೂತು, ಮೊದಲನೇ ಸಲ ಆ ಮುಖವನ್ನು ನೆಟ್ಟಗೆ ನೋಡಿದೆ. ಥೇಟ್ ನನ್ನ ಗಂಡನ ಮೂಗು. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಇದ್ದಬದ್ದ ಬೈಗುಳವೆಲ್ಲ ಬೈದೆ. ತಮ್ಮನ ಹತ್ತಿರ ಒಂದು ಮಾತಾಡದೆ ಹೋದೆಯಲ್ಲ ಮೊಂಡ ಅಂತ ಬೈದೆ. ಉಸಿರು ಕಟ್ಟುವ ತನಕ ಬೈದೆ. ಆಮೇಲೆ ಆ ಕಿವಿಯ ಹತ್ತಿರ ಬಗ್ಗಿ ಕೇಳಿದೆ:

“ಬಾಗಿಲಿಗೆ ಬ್ಯಾಡ, ಮಿಷನ್ನಿಗೆ ಬ್ಯಾಡ. ನಂಗೇ ಯೋಳು ಭಾವ. ಉಪ್ಪು ಸರಿ ಇತ್ತಾ?”