ನನ್ನ ಹೆಸರಿನ ಬೆಕ್ಕು

ಪದ್ಮಾ ಆಂಟಿ ಬೆಕ್ಕುಗಳಿಗೆ ಹೆಸರು ಹುಡುಕಿ ತಲೆ ಕೆಡಿಸಿಕೊಂಡವರಲ್ಲ. ಯಾರು ತಂದುಬಿಟ್ಟರೋ ಅವರ ಹೆಸರೇ ಬೆಕ್ಕಿಗೆ. ಹಾಗಾಗಿ ಮೂಡಲಪಾಳ್ಯದ ಅವರ ಮನೆಗೆ ಮೊದಲ ಸಲ ಹೋದಾಗ ಬಾಗಿಲಲ್ಲೇ ನನಗೆ ಸಿಕ್ಕ ಸುದ್ದಿ, "ನಾಗರಾಜಪ್ಪ ನಿನ್ನೆ ಮರಿ ಹಾಕಿದಾರೆ, ಮೆತ್ತಗೆ ಬಾಮ್ಮ." ನಾಗರಾಜಪ್ಪ ಮಾರೇನಹಳ್ಳಿಯ ನಿವೃತ್ತ ಕಂಡಕ್ಟರು. ಮರಿ ಹಾಕಿದ್ದು ಅವರು ಬಿಟ್ಟುಹೋಗಿದ್ದ ಮೂರು ಬಣ್ಣದ ಬೆಕ್ಕು. ನನಗೆ ನಗು ತಡೆಯಲಾಗಲಿಲ್ಲ. ನನ್ನ ಬ್ಯಾಗಿನಲ್ಲೂ ಒಂದು ಬೂದು ಮರಿ ಇತ್ತು.

ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಓನರ್ ಬೆಕ್ಕು ಕೂಡದೆಂದು ಖಡಾಖಂಡಿತವಾಗಿ ಹೇಳಿದ್ದರು. ಆಂಟಿ ಮರಿಯ ಕಿವಿ ಮಡಚಿ ನೋಡಿ, ಹೊಟ್ಟೆ ಸವರಿ, ನನ್ನ ಹೆಸರು ಕೇಳಿದರು. "ಸುಮಾನಾ? ಇರ್ಲಿ ಬಿಡು, ನಮ್ಮಲ್ಲಿ ಸುಮಾ ಇರ್ಲಿಲ್ಲ."

ಆ "ಇರ್ಲಿ ಬಿಡು" ಅವರ ಬಾಯಲ್ಲಿ ಸದಾ ಇರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಕೋಣೆಗಳನ್ನೆಲ್ಲ ಬೆಕ್ಕುಗಳಿಗೆ ಬಿಟ್ಟುಕೊಟ್ಟು, ತಾವು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು. ಯಾರು ಬೆಕ್ಕು ತಂದರೂ ಬೇಡ ಎನ್ನುತ್ತಿರಲಿಲ್ಲ. ಭಾನುವಾರಗಳಲ್ಲಿ ಸಹಾಯಕ್ಕೆಂದು ಹೋಗತೊಡಗಿದ ನನಗೆ ಬರಬರುತ್ತಾ ಅಲ್ಲಿ ನಗು ಬರುವುದು ನಿಂತಿತು. ಕಣ್ಣು ಸೋರುವ ಬೆಕ್ಕು, ಗಟ್ಟಿಯಾಗಿರುವ ಬೆಕ್ಕು ಒಂದೇ ತಟ್ಟೆಗೆ ಬಾಯಿ ಹಾಕುತ್ತಿದ್ದವು. ಆಪರೇಷನ್ ಮಾಡಿಸದೆ ಮರಿಗಳ ಮೇಲೆ ಮರಿಗಳು ಹುಟ್ಟಿ ಸಾಯುತ್ತಿದ್ದವು. ಕಾಯಿಲೆಯವನ್ನು ಬೇರೆ ಇಡಿ, ಹೊಸದು ತಗೋಬೇಡಿ ಎಂದು ಜೋರಾಗಿಯೇ ಹೇಳಿದೆ. ಆಂಟಿ ನನ್ನನ್ನೇ ನೋಡಿದರು. "ಬೇಡ ಅಂದಿದ್ರೆ ನಿನ್ನ ಸುಮಾ ಎಲ್ಲಿರ್ತಿದ್ಲು ಹೇಳು?"

ಆದರೂ ಒಂದು ಭಾನುವಾರ ಕದ್ದು ವಿಡಿಯೋ ಮಾಡಿ, ಪ್ರಾಣಿಗಳಿಗಾಗಿ ಕೆಲಸ ಮಾಡುವ ಒಂದು ಗುಂಪಿಗೆ ಕಳಿಸಿಬಿಟ್ಟೆ.

ಅವರು ಪಂಜರಗಳ ಸಮೇತ ವ್ಯಾನು ತಂದರು. ನಾನೂ ಹೋದೆ, ಹೋಗದೆ ಇರಲಾಗಲಿಲ್ಲ. ಆಂಟಿ ಜಗಳವಾಡಲಿಲ್ಲ. ಒಂದೊಂದೇ ಹೆಸರು ಕರೆದು ಎತ್ತಿ ಕೊಡುತ್ತಿದ್ದರು. "ಸುಮಾ, ಬಾಮ್ಮ" ಎಂದಾಗ ನಾನು ಒಂದು ಹೆಜ್ಜೆ ಮುಂದಿಟ್ಟೆ. ಮಂಚದಡಿಯಿಂದ ಬೂದು ಬೆಕ್ಕು ಬಂತು. ಅದರ ಎರಡೂ ಕಣ್ಣು ಅಂಟಿಕೊಂಡಿದ್ದವು.

"ಇವಳನ್ನಾದ್ರೂ ನೀನು ಕರ್ಕೊಂಡು ಹೋಗ್ತೀಯಾ?"

"ಓನರ್ ಒಪ್ಪಲ್ಲ ಆಂಟಿ."

"ಇರ್ಲಿ ಬಿಡು," ಎಂದು ಅದರ ಮುಖ ಸೆರಗಿನಿಂದ ಒರೆಸಿ ಪಂಜರಕ್ಕೆ ಬಿಟ್ಟರು.

ನಾನು ಕಳಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಬೆಕ್ಕುಗಳಿಗೆ ಡಾಕ್ಟರು ಬೇಕಿತ್ತು, ಜಾಗ ಬೇಕಿತ್ತು. ಆದರೆ ಆ ಮನೆ ತುಂಬಿಸಿದವರಲ್ಲಿ ನಾನೂ ಒಬ್ಬಳು. ದೂರು ಹೇಳುವ ಬಾಯಿ ನನ್ನದಾಗಬಾರದಿತ್ತು.

ಸ್ವಲ್ಪ ದಿನ ಬಿಟ್ಟು ಆ ಗುಂಪಿಗೆ ಫೋನ್ ಮಾಡಿದೆ. ಸುಮಾ ಎಂಬ ಹೆಸರು ಅವರಿಗೆ ಗೊತ್ತಿರಲಿಲ್ಲ. ಗುರುತು ಹೇಳಿದ ಮೇಲೆ ಆಚೆಯ ಹುಡುಗಿ, "ಬೂದು ಬಣ್ಣದ್ದಾ? ಅದು ಉಳೀಲಿಲ್ಲ ಮೇಡಂ, ತುಂಬಾ ಲೇಟಾಗಿತ್ತು," ಎಂದಳು.

ಆಂಟಿ ಆ ಮನೆಗೆ ಬೀಗ ಹಾಕಿ ಕೆಂಗೇರಿಯ ತಂಗಿಯ ಮನೆ ಸೇರಿದ್ದರು. ಅಲ್ಲಿಂದ ಒಮ್ಮೆ ಫೋನ್ ಮಾಡಿದರು. ವಿಡಿಯೋ ಮಾಡಿದ್ದು ಯಾರೆಂದು ಕೇಳಲಿಲ್ಲ. ಕೇಳಿದ್ದು ಒಂದೇ, "ಸುಮಾ ಹೇಗಿದಾಳೆ?"

"ಚೆನ್ನಾಗಿದಾಳೆ ಆಂಟಿ," ಎಂದೆ.

"ಇರ್ಲಿ ಬಿಡು. ಒಬ್ಬಳಾದ್ರೂ ಚೆನ್ನಾಗಿದಾಳಲ್ಲ."

ಆಮೇಲೂ ಅವರು ಆಗಾಗ ಫೋನ್ ಮಾಡುತ್ತಾರೆ. ನಾನು ಎತ್ತುವುದಿಲ್ಲ.