ಕಣ್ಣಳತೆಯಲ್ಲಿ ತೂಗಿದ ಬೆಕ್ಕು

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಹಾಗಾಗಿ ಇಂಗ್ಲಿಷಿನಲ್ಲಿ ಏನೇ ಬರೆದಿದ್ದರೂ ಅದು ನನ್ನ ಮುಂದೆ ಬಂದು ಕೂರುತ್ತದೆ. ಮಾತ್ರೆಯ ಶೀಟು, ಕೋರ್ಟಿನ ನೋಟಿಸು, ಮಿಕ್ಸಿಯ ವಾರಂಟಿ ಕಾರ್ಡು. ನಾನು ಓದಿ ಹೇಳುತ್ತೇನೆ. ಎಲ್ಲರೂ ಹೆಮ್ಮೆಯಿಂದ ತಲೆದೂಗುತ್ತಾರೆ. ಆಮೇಲೆ ದೊಡ್ಡಪ್ಪ ಹೇಳಿದಂತೆ ಮಾಡುತ್ತಾರೆ. ನಮ್ಮೂರು ಕೋಗಿಲಿನಿಂದ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋಗಿ, ಬಂದ ಗಂಡುಗಳನ್ನೆಲ್ಲ ಕಾಫಿ ಕುಡಿಸಿ ವಾಪಸು ಕಳಿಸಿ, ನಾನು ಬಿಎಸ್ಸಿ ಮುಗಿಸಿದ್ದು ಈ ತಲೆದೂಗಾಟ ನೋಡುವುದಕ್ಕೇ ಇರಬೇಕು.

ದೊಡ್ಡಪ್ಪನ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ಕಟ್ಟಡವಿದೆ. ಕುರಿ ಕಟ್ಟುತ್ತಿದ್ದಲ್ಲಿ ಕಾರುಗಳು ನಿಲ್ಲುತ್ತವೆ. ಕುರಿಗಳು ಹೋದವು, ಕುರಿಗೆ ಕುಡಿಸುವ ಹುಳುವಿನ ಔಷಧಿ ಹೋಗಲಿಲ್ಲ. ಮಾಕಳಿಯ ಕಡೆ ಇನ್ನೂ ಕುರಿ ಸಾಕುವ ನೆಂಟರೊಬ್ಬರಿಂದ ಬಾಟಲಿ ತರಿಸಿ, ಜಗಲಿಯ ಗೂಡಿನಲ್ಲಿ ದೇವರ ತೀರ್ಥದ ಹಾಗೆ ಇಟ್ಟಿರುತ್ತಾರೆ. ಕೋಳಿಗೂ ಅದೇ, ಬೀದಿನಾಯಿಗೂ ಅದೇ. ಹೋದ ವರ್ಷ ಅಮ್ಮನ ಬೆಕ್ಕಿಗೂ ಅದನ್ನೇ ಕುಡಿಸಿದ್ದರು. ಬೆಕ್ಕು ಜೊಲ್ಲು ಸುರಿಸಿ, ನಡುಗಿ, ಸಂಜೆಯೊಳಗೆ ಸತ್ತಿತು. ಶಾಲೆಯಲ್ಲಿ ಪಾಠ ಮುಗಿಸಿ ನಾನು ಬರುವಷ್ಟರಲ್ಲಿ ಹೂತೂ ಆಗಿತ್ತು. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹೆಂಗಸು ಹಿಂದಿನ ದಿನ ಅದರ ಫೋಟೊ ತೆಗೆದಿದ್ದಳಂತೆ. ದೃಷ್ಟಿ ತಾಗಿತು ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. ಬಾಟಲಿಯನ್ನು ಯಾರೂ ವಿಚಾರಣೆಗೆ ಕರೆಯಲಿಲ್ಲ.

ಈ ವರ್ಷ ಅಮ್ಮ ಇನ್ನೊಂದು ಮರಿ ತಂದಳು. ಬೂದು ಬಣ್ಣದ್ದು, ಬೆನ್ನುಮೂಳೆ ಬಾಚಣಿಗೆಯ ಹಾಗೆ, ಹೊಟ್ಟೆ ಮಾತ್ರ ತಮಟೆ. ಮಲಗಿದ ಗೋಣಿತಾಟಿನ ಮೇಲೆ ಅಕ್ಕಿಕಾಳಿನಂಥವು ಬಿದ್ದಿರುತ್ತಿದ್ದವು. ಒಂದು ಶನಿವಾರ ಮಧ್ಯಾಹ್ನ ನಾನು ಮನೆಗೆ ಬಂದಾಗ ಅಮ್ಮ ಜಗಲಿಯ ಮೇಲೆ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದಿದ್ದಳು. ದೊಡ್ಡಪ್ಪ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

"ದೊಡ್ಡಪ್ಪ, ಅದು ಕುರಿ ಔಷಧಿ."

"ಉಳ ಕುರೀದಾದ್ರೇನು ಬೆಕ್ಕಿಂದಾದ್ರೇನು ಕಣಮ್ಮ. ಉಳ ಉಳಾನೇ."

"ತೂಕ ನೋಡಿ ಕೊಡ್ಬೇಕು."

"ನೋಡಾಯ್ತು. ಮೂರು ಕೆಜಿ ಮೇಲದೆ."

ಅವರು ನೋಡಿದ್ದು ಕಣ್ಣಲ್ಲಿ. ಇದಕ್ಕೊಂದು ಇತಿಹಾಸವಿದೆ. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ನಮ್ಮಲ್ಲಿ ಹತ್ತಾರು ಮನೆಯವರು ಸೇರಿ ಕುರಿ ಕಡಿದು ಬಾಡನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಗುಡ್ಡೆಗೆ ತಕ್ಕಡಿ ಇಡುವುದಿಲ್ಲ. ಇಟ್ಟರೆ ಹಿರಿಯರಿಗೆ ಅವಮಾನ. ಗುಡ್ಡೆ ಹಾಕುವವರು ದೊಡ್ಡಪ್ಪ. ನನ್ನ ಕಣ್ಣೇ ತಕ್ಕಡಿ ಎನ್ನುವುದು ಅವರ ಮಾತು. ಯಾರೂ ಕಮ್ಮಿ ಬಂತು ಎಂದದ್ದಿಲ್ಲ. ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ ಎನ್ನುವುದು ಬೇರೆ ಮಾತು. ಸತ್ತ ಕುರಿಯನ್ನು ತೂಗಿದ ಅದೇ ಕಣ್ಣಲ್ಲಿ ಅವರು ಬದುಕಿರುವ ಬೆಕ್ಕನ್ನು ತೂಗಿದ್ದರು. ತೂಗಿದ್ದೂ ಬೆಕ್ಕನ್ನಲ್ಲ, ಅದರ ಹೊಟ್ಟೆಯಲ್ಲಿದ್ದ ಹುಳುಗಳನ್ನು.

ಗಲಾಟೆ ಕೇಳಿ ಮೇಲಿನ ಮನೆಯ ಹೆಂಗಸು ಇಳಿದು ಬಂದಳು. ಕೈಯಲ್ಲಿ ಪುಟ್ಟ ಹೊಳೆಯುವ ಡಬ್ಬಿ. ಅವಳ ನಾಯಿಗೆ ಹುಟ್ಟುಹಬ್ಬಕ್ಕೆ ಕೇಕು ಬರುತ್ತದೆ, ಚಳಿಗೆ ಸ್ವೆಟರು ಬರುತ್ತದೆ.

"ಆಂಟಿ, ಇದ್ ಹಾಕಿ. ಇಂಪೋರ್ಟೆಡ್. ನಮ್ ಬೇಬಿಗೆ ಮಂತ್ಲಿ ಹಾಕ್ತೀವಿ. ಕತ್ತಿನ ಮೇಲೆ ಡ್ರಾಪ್ಸ್ ಅಷ್ಟೇ, ಉಣ್ಣೆ, ಚಿಗಟ, ಹುಳ ಎಲ್ಲಾ ಕ್ಲಿಯರ್."

ನಾನು ಡಬ್ಬಿ ತಿರುಗಿಸಿದೆ. ಬೆಕ್ಕಿನ ಚಿತ್ರ, ಅದರ ಮೇಲೆ ದಪ್ಪನೆಯ ಕೆಂಪು ಅಡ್ಡಗೆರೆ. ಕೆಳಗೆ, ಬೆಕ್ಕಿಗೆ ವಿಷ, ಹಾಕಬೇಡಿ ಎಂಬ ಇಂಗ್ಲಿಷ್ ಬರಹ. ಆ ಚಿತ್ರ ಓದುವುದಕ್ಕೆ ಡಿಗ್ರಿ ಬೇಡ, ಒಂದನೇ ಕ್ಲಾಸೂ ಬೇಡ.

"ಮೇಡಂ, ಇದನ್ನ ನೋಡಿದ್ರಾ?"

"ಓ. ನಾವು ರಿವ್ಯೂಸ್ ನೋಡಿ ತಗೊಂಡಿದ್ದು," ಎಂದಳು. ಅವಳು ಎಂಬಿಎ. ಅವಳ ಅಪ್ಪನೂ ಓದಿದವರು, ಅಜ್ಜನೂ ಓದಿದವರು. ಓದು ಮನೆಯಲ್ಲಿ ತಲೆಮಾರುಗಳಿಂದ ಬಿದ್ದಿದ್ದರೆ ಅದನ್ನು ಬಳಸುವ ಅಗತ್ಯ ಬರುವುದಿಲ್ಲವೇನೋ. ಕಷ್ಟಪಟ್ಟು ಸಂಪಾದಿಸಿದ ನಮ್ಮಂಥವರು ಸಾಬೂನಿನ ಕಾಗದವನ್ನೂ ಬಿಡದೆ ಓದುತ್ತೇವೆ.

ದೊಡ್ಡಪ್ಪನಿಗೆ ಖುಷಿಯಾಯಿತು. "ಇಂಗೇ ಕಣಮ್ಮ ನಿಮ್ಮ ಇಂಗ್ಲೀಸ್ ಔಸ್ದಿ. ಬಾಯಿ ತೆಗ್ಸಮ್ಮ ಅದ್ರುದ್ದು," ಎಂದು ಅಮ್ಮನಿಗೆ ಹೇಳಿ ಮುಚ್ಚಳಕ್ಕೆ ಔಷಧಿ ಸುರಿದರು.

ನಾನು ಅಮ್ಮನ ಕಡೆ ತಿರುಗಿದೆ. "ಅಮ್ಮಾ, ಹೋದ ಸಲವೂ ಇದೇ ಬಾಟಲಿ. ದೃಷ್ಟಿ ಆದ್ರೆ ಜೊಲ್ಲು ಸುರಿಯತ್ತಾ? ಯೋಚ್ನೆ ಮಾಡು."

ಅಮ್ಮ ಗಂಡನ ಅಣ್ಣನಿಗೆ ಎದುರಾಡಿದವಳಲ್ಲ. ತಲೆ ಮೇಲಿನ ಸೆರಗು ಸರಿ ಮಾಡಿಕೊಂಡಳು. ಆಮೇಲೆ ನೆಲ ನೋಡುತ್ತಾ ಹೇಳಿದಳು:

"ಬಾವ, ಇವತ್ತು ಶನಿವಾರ. ಶನಿವಾರ ಔಸ್ದಿ ಸುರು ಮಾಡಬಾರ್ದು ಅಂತ ನೀವೇ ಏಳೋರು."

ದೊಡ್ಡಪ್ಪನ ಕೈ ನಿಂತಿತು. ವಿಜ್ಞಾನಕ್ಕೆ ಬಗ್ಗದವರು ಅವರದೇ ಶಾಸ್ತ್ರಕ್ಕೆ ಬಗ್ಗಬೇಕಾಯಿತು. ಮುಚ್ಚಳದಲ್ಲಿದ್ದದ್ದನ್ನು ಬಾಟಲಿಗೆ ವಾಪಸು ಸುರಿದರು. "ಆಗಾದ್ರೆ ಡಾಕ್ಟ್ರತ್ರಾನೂ ಇವತ್ತು ಬ್ಯಾಡ," ಎಂದರು.

"ತೂಕ ಆಕ್ಸೋದು ಔಸ್ದಿ ಅಲ್ವಲ್ಲ ಬಾವ," ಎಂದ ಅಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು.

ಮರಿಯನ್ನು ತರಕಾರಿ ಬುಟ್ಟಿಯಲ್ಲಿ ಹಾಕಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ, ಆಟೋದಲ್ಲಿ ಯಲಹಂಕದ ಪಶುವೈದ್ಯರ ಕ್ಲಿನಿಕ್ಕಿಗೆ ಹೋದೆವು. ತಕ್ಕಡಿ ಒಂದು ಕೆಜಿ ಚಿಲ್ಲರೆ ತೋರಿಸಿತು. ವೈದ್ಯರು ಹೊಟ್ಟೆ ಮುಟ್ಟಿ ನೋಡಿ, "ಮರಿ ಎಲ್ಲಿ? ಬರೀ ಹೊಟ್ಟೆ ತಂದಿದೀರಲ್ಲ," ಎಂದರು. ಕುರಿ ಔಷಧಿಯ ಸುದ್ದಿ ಹೇಳಿದೆ. "ಅದನ್ನ ಕೊಟ್ಟಿದ್ರೆ ಇಲ್ಲಿಗೆ ಬರೋ ಖರ್ಚು ಉಳೀತಿತ್ತು," ಎಂದರು.

ಮುಲಾಮಿನಂಥ ಔಷಧಿ ನೆಕ್ಕಿಸುವುದು ಸುಲಭ, ಆದರೆ ತಮ್ಮಲ್ಲಿರುವುದು ಉದ್ದ ಹುಳುವಿಗೆ ಮಾತ್ರ; ಅಕ್ಕಿಕಾಳಿನಂಥವು ಲಾಡಿಹುಳುವಿನ ತುಂಡುಗಳು, ಎರಡಕ್ಕೂ ಆಗುವ ಬೆಕ್ಕಿನ ಮಾತ್ರೆ ಬೇರೆ ಇದೆ, ನುಂಗಿಸುವಾಗ ಪರಚಿಸಿಕೊಳ್ಳಬೇಕು ಎಂದು ವಿವರಿಸಿದರು. ನಾನು ಎರಡರ ಚೀಟಿಯನ್ನೂ ಪೂರ್ತಿ ಓದಿ ಪರಚಿಸಿಕೊಳ್ಳುವುದನ್ನೇ ಆರಿಸಿದೆ. ತೂಕಕ್ಕೆ ತಕ್ಕಂತೆ ಅವರೇ ಮಾತ್ರೆ ಮುರಿದು ಕೊಟ್ಟರು.

ಮನೆಗೆ ಬಂದಾಗ ದೊಡ್ಡಪ್ಪ ಬಾಗಿಲಲ್ಲೇ ಇದ್ದರು. "ಎಷ್ಟು ಬಂತು?" ಹೇಳಿದೆ. ಅವರು ಅಮ್ಮನನ್ನಾಗಲಿ ಮರಿಯನ್ನಾಗಲಿ ನೋಡದೆ, "ಆ ಡಾಕ್ಟ್ರು ತಕ್ಕಡಿ ರಿಪೇರಿಗೆ ಬಂದದೆ," ಎಂದು ಒಳಗೆ ಹೋದರು.

ಆಗಿನ್ನೂ ಶನಿವಾರವೇ. ಅಮ್ಮ ಅಡುಗೆಮನೆಯ ಬಾಗಿಲಿಗೆ ಅಗುಳಿ ಹಾಕಿದಳು. "ಇನ್ನೊಂದ್ಸಲ ಓದು," ಎಂದಳು. ನಾನು ಚೀಟಿಯನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವಳು ಹೇಳಿದಷ್ಟನ್ನೇ, ಹೇಳಿದ ಹಾಗೆಯೇ ಮಾಡಿದಳು. ಮರಿಯನ್ನು ಒತ್ತಿ ಹಿಡಿದಿದ್ದ ನನ್ನ ಮುಂಗೈಯಲ್ಲಿ ರಕ್ತ ಬಂತು. ಮಾತ್ರೆ ಗಂಟಲಲ್ಲಿ ಇಳಿಯಿತು.

ಮರುದಿನ ಹಿತ್ತಲ ಮಣ್ಣಿನಲ್ಲಿ ಹುಳುಗಳು ಬಿದ್ದಿದ್ದವು. ದೊಡ್ಡಪ್ಪ ಕಡ್ಡಿಯಲ್ಲಿ ಕೆದಕಿ ನೋಡಿ, ಮೇಲಿನ ಮನೆಯವಳನ್ನು ಕೂಗಿ ತೋರಿಸಿದರು. "ನಾವೇ ಕಳ್ಸಿದ್ದು ಡಾಕ್ಟ್ರತ್ರ. ಇಂಥದ್ರಲ್ಲೆಲ್ಲ ತಡ ಮಾಡಬಾರ್ದು ನೋಡಮ್ಮ." ಅವಳು ಹುಳುಗಳದ್ದೂ ಫೋಟೊ ತೆಗೆದುಕೊಂಡಳು.

ಮರಿ ಒಲೆಯ ಪಕ್ಕ ಮೀನಿನ ತಲೆ ಕಡಿಯುತ್ತಿತ್ತು. ಅಮ್ಮ ಅದರ ಬೆನ್ನು ಸವರುತ್ತಾ ಕೇಳಿದಳು:

"ಇನ್ನೊಂದು ಮಾತ್ರೆ ಯಾವಾಗ ಅಂದ್ರು?"

"ಎರಡು ವಾರ ಬಿಟ್ಟು."

"ಅವತ್ತು ಸ್ಕೂಲಿಗೆ ರಜ ಹಾಕು," ಎಂದಳು. ನಾನು ಹಾಕಿದೆ.